ರಕ್ತಕ್ಕೆ ತಾಗಿದ್ದೆಲ್ಲ

ಡಯಾಲಿಸಿಸ್ ಕೋಣೆಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಸೂಜಿ ಹಾಕುವುದನ್ನು ಬೇಗ ಕಲಿಯಬೇಕೆಂಬ ಆತುರ. ನಾನು ಅವರನ್ನು ಮೊದಲು ಕರೆದೊಯ್ಯುವುದು ಹಿಂದಿನ ಕೋಣೆಯ ಆರ್‌ಓ ಘಟಕಕ್ಕೆ. ಬೆಳಿಗ್ಗೆ ಮೊದಲ ಪಾಳಿಯ ರೋಗಿ ಬರುವ ಮುಂಚೆ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ನೋಡಬೇಕು. ಆಮೇಲೆ ರಕ್ತ ಸೋಸುವ ಡಯಾಲೈಜರ್ ಹೊಸದಾದರೆ ಕಡಿಮೆಯೆಂದರೂ ಒಂದು ಲೀಟರ್ ಸಲೈನ್ ಹಾಯಿಸಿ ತೊಳೆದು, ಆ ನೀರನ್ನು ಚೆಲ್ಲಬೇಕು. ಮರುಬಳಕೆಯದಾದರೆ ಒಳಗೆ ತುಂಬಿಟ್ಟಿದ್ದ ರಾಸಾಯನಿಕ ಪೂರ್ತಿ ಹೋಗಿದೆಯೇ ಎಂದು ಪಟ್ಟಿ ಅದ್ದಿ ನೋಡಬೇಕು. "ದಿನಾ ಇಷ್ಟೂ ಮಾಡಲೇಬೇಕಾ ಸರ್?" ಎಂದು ಒಬ್ಬರಾದರೂ ಕೇಳುತ್ತಾರೆ. ಮಾಡಲೇಬೇಕು. ಈ ಕೆಲಸಗಳಲ್ಲಿ ಯಾವುದನ್ನೂ ಯಾರೂ ಕುರ್ಚಿಯಲ್ಲಿ ಕೂತು ಯೋಚಿಸಿ ಬರೆದಿಟ್ಟದ್ದಲ್ಲ. ಪ್ರತಿಯೊಂದರ ಹಿಂದೆಯೂ ಯಾವುದೋ ದೇಶದ, ಯಾವುದೋ ಊರಿನ ರೋಗಿಗಳಿದ್ದಾರೆ. ಅವರು ನರಳಿದ ಮೇಲೆ ಬಂದ ನಿಯಮಗಳಿವು.

ನಾನು ಹಾಸನದ ಕಡೆಯವನು, ಡಯಾಲಿಸಿಸ್ ಟೆಕ್ನಿಷಿಯನ್. ನನಗೆ ಈ ಕೆಲಸ ಕಲಿಸಿದವರು ಕರಾವಳಿಯಿಂದ ಬಂದಿದ್ದ ಹಿರಿಯ ಸಿಸ್ಟರ್ ಒಬ್ಬರು. ಅವರು ಒಂದು ಲೆಕ್ಕವನ್ನು ನಮ್ಮಿಂದ ಬಾಯಿಪಾಠ ಮಾಡಿಸಿದ್ದರು. ಯಂತ್ರದಲ್ಲಿ ನಿಮಿಷಕ್ಕೆ 500 ಮಿಲಿಲೀಟರ್ ದ್ರವ ಹರಿಯುತ್ತದೆ, ನಾಲ್ಕು ಗಂಟೆಗೆ 120 ಲೀಟರ್. ವಾರಕ್ಕೆ ಮೂರು ಸಲ ಬರುವವರಿಗೆ 360 ಲೀಟರ್. ಸಾಮಾನ್ಯ ಮನುಷ್ಯ ವಾರಕ್ಕೆ ಕುಡಿಯುವುದು ಹದಿನಾಲ್ಕೋ ಹದಿನೈದೋ ಲೀಟರ್, ಅದೂ ಕರುಳಿನ ಗೋಡೆ ದಾಟಿ ರಕ್ತ ಸೇರಬೇಕು, ಬೇಡದ್ದನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ. ನಮ್ಮ ರೋಗಿಗೆ ಈ ಎರಡು ಕಾವಲೂ ಇಲ್ಲ. ನೀರಿಗೂ ಅವನ ರಕ್ತಕ್ಕೂ ನಡುವೆ ಇರುವುದು ಕೂದಲಿಗಿಂತ ತೆಳುವಾದ ಒಂದು ಪೊರೆ. ಹಾಗಾಗಿ ನೀರು ಹಾದುಬಂದ ಪೈಪು, ತೊಟ್ಟಿ, ವಾಲ್ವು, ಪಂಪು ಎಲ್ಲವೂ ಅವನ ರಕ್ತಕ್ಕೆ ತಾಗಿದಂತೆಯೇ.

ಈ ಚಿಕಿತ್ಸೆಗೆಂದೇ ತಯಾರಾದ ವಸ್ತುಗಳು ಮೊದಲಿಗೆ ಒಂದೂ ಇರಲಿಲ್ಲ. ಎಲ್ಲವೂ ಬೇರೆ ಕಸುಬುಗಳಿಂದ ತಂದವು. 1924ರಲ್ಲಿ ಜರ್ಮನಿಯ ಗೀಸೆನ್‌ನಲ್ಲಿ ಗೇಯೋರ್ಗ್ ಹಾಸ್ ಮನುಷ್ಯನಿಗೆ ಮೊದಲ ಸಲ ಡಯಾಲಿಸಿಸ್ ಮಾಡಿದಾಗ ಪೊರೆಯ ನಳಿಕೆಗಳನ್ನು ಕೊಲೋಡಿಯನ್ ದ್ರಾವಣದಿಂದ ಎರಕ ಹೊಯ್ದು ತಯಾರಿಸಬೇಕಿತ್ತು. ರಕ್ತ ಹೆಪ್ಪುಗಟ್ಟದಿರಲು ಜಿಗಣೆಯಿಂದ ತೆಗೆದ ಹಿರುಡಿನ್ ಬಳಸಿದರು. ಅದು ಶುದ್ಧವಾಗಿರುತ್ತಿರಲಿಲ್ಲ, ರೋಗಿಗಳಿಗೆ ಒಗ್ಗುತ್ತಲೂ ಇರಲಿಲ್ಲ. ಕೆಲವು ವರ್ಷಗಳ ನಂತರ ಹೆಪಾರಿನ್ ಸಿಕ್ಕಿತು.

ಹಾಸ್ ಅವರ ಪ್ರಯೋಗವಾಗಿ ಸುಮಾರು ಎರಡು ದಶಕಕ್ಕೆ, ಜರ್ಮನ್ ಸೇನೆಯ ವಶದಲ್ಲಿದ್ದ ನೆದರ್ಲೆಂಡ್ಸ್‌ನ ಕಾಂಪೆನ್ ಎಂಬ ಸಣ್ಣ ಊರಲ್ಲಿ ವಿಲೆಮ್ ಕೋಲ್ಫ್ ಎಂಬ ಯುವ ವೈದ್ಯ ಕಟ್ಟಿದ ಯಂತ್ರವನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಮಾಂಸ ತುಂಬಿ ಸಾಸೇಜ್ ಮಾಡಲು ಬಳಸುವ ಸೆಲೋಫೇನ್ ಕೊಳವೆಯನ್ನು ಹತ್ತಾರು ಮೀಟರ್ ಉದ್ದಕ್ಕೆ ಮರದ ಪಟ್ಟಿಗಳ ಉರುಳೆಗೆ ಸುತ್ತಿದರು. ಉರುಳೆ ತಿರುಗಲು ಒಂದು ತೊಟ್ಟಿ ಬೇಕಿತ್ತು. ಊರಿನ ಎನಾಮಲ್ ಪಾತ್ರೆ ಕಾರ್ಖಾನೆಯ ಬೆರ್ಕ್ ಎಂಬುವರು ನೆರವಾದರು. ತಿರುಗುತ್ತಿರುವ ಉರುಳೆಗೆ ರಕ್ತ ಸೋರದಂತೆ ಒಳಹೋಗಿ ಹೊರಬರುವ ಕೀಲಿನ ಉಪಾಯ ಹೊಳೆದದ್ದು ಫೋರ್ಡ್ ಕಾರಿನ ನೀರಿನ ಪಂಪಿನಿಂದ. 1943ರಿಂದ ಚಿಕಿತ್ಸೆ ಪಡೆದವರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. 1945ರ ಸೆಪ್ಟೆಂಬರಿನಲ್ಲಿ 67 ವರ್ಷದ ಒಬ್ಬ ಹೆಂಗಸು ಪ್ರಜ್ಞೆ ತಪ್ಪಿದ ಸ್ಥಿತಿಯಿಂದ ಎಚ್ಚರಗೊಂಡು ಬದುಕಿದರು. ಕೋಲ್ಫ್ ಕೈಗೆ ಸಿಕ್ಕಿದ್ದನ್ನು ಬಳಸಿದರೆಂದು ಆಕ್ಷೇಪಿಸುವ ಮನಸ್ಸು ನನಗಿಲ್ಲ. ಅಂದು ಅದಿಲ್ಲದಿದ್ದರೆ ರೋಗಿಗೆ ಉಳಿದಿದ್ದ ದಾರಿ ಒಂದೇ.

ಆ ಯಂತ್ರಕ್ಕೆ ರೋಗಿ ತಾಗುತ್ತಿದ್ದದ್ದು ಕೆಲವೇ ಸಲ. ಪ್ರತಿ ಸಲ ರಕ್ತನಾಳ ಕೊಯ್ದು ಗಾಜಿನ ನಳಿಕೆ ಇಡಬೇಕಿತ್ತು, ನಾಲ್ಕಾರು ಬಾರಿಗೆ ನಾಳಗಳೇ ಮುಗಿದುಹೋಗುತ್ತಿದ್ದವು. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಮತ್ತು ಎಂಜಿನಿಯರ್ ವೇಯ್ನ್ ಕ್ವಿಂಟನ್ ಟೆಫ್ಲಾನ್ ನಳಿಕೆಯನ್ನು ಬಾಗಿಸಿ ಕೈಯ ಅಪಧಮನಿಗೂ ಅಭಿಧಮನಿಗೂ ಶಾಶ್ವತವಾಗಿ ಸೇತುವೆ ಹಾಕಿದರು. ಬೋಯಿಂಗ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅವರ ಮೊದಲ ರೋಗಿ ಹನ್ನೊಂದು ವರ್ಷ ಬದುಕಿದರು. ದೊಡ್ಡ ಗೆಲುವು ಅದು. ಅದರ ಜೊತೆಗೇ ಇನ್ನೊಂದು ಸಂಗತಿ ಸದ್ದಿಲ್ಲದೆ ಶುರುವಾಯಿತು: ಪೊರೆ, ನಳಿಕೆ, ನೀರು ಇವುಗಳಲ್ಲಿದ್ದ ಸಣ್ಣಪುಟ್ಟ ವಿಷಕ್ಕೆ ಒಂದೇ ದೇಹದೊಳಗೆ ವರ್ಷಗಟ್ಟಲೆ ಕೂಡಿಕೊಳ್ಳುವ ಅವಕಾಶ ದೊರೆಯಿತು.

ಅದು ಮೊದಲು ಕಾಣಿಸಿದ್ದು ಮಾತಿನಲ್ಲಿ. ಡೆನ್ವರ್ ನಗರದಲ್ಲಿ ಬಹುಕಾಲದಿಂದ ಡಯಾಲಿಸಿಸ್‌ನಲ್ಲಿದ್ದ ಕೆಲವರು ತೊದಲತೊಡಗಿದರು. ಮೊದಮೊದಲು ಡಯಾಲಿಸಿಸ್ ಮುಗಿದ ಹೊತ್ತಿಗೆ ತೊದಲು ಹೆಚ್ಚು, ಮಾರನೆಯ ದಿನಕ್ಕೆ ಇಳಿಯುವುದು. ತಿಂಗಳು ಕಳೆದಂತೆ ಮಾತು ನಿಂತೇಹೋಯಿತು. ಕೈಕಾಲು ಜಗ್ಗತೊಡಗಿದವು, ಫಿಟ್ಸ್ ಬಂತು, ಮನೆಯವರ ಗುರುತು ಹತ್ತದಾಯಿತು, ಕೊನೆಗೆ ಸಾವು. ಆಲನ್ ಆಲ್ಫ್ರೇ ಮತ್ತು ಸಂಗಡಿಗರು ಇದನ್ನು 1972ರಲ್ಲಿ ವಿವರಿಸಿದರು. 1976ರಲ್ಲಿ, ತೀರಿಕೊಂಡವರ ಮಿದುಳಿನ ಬೂದು ಭಾಗದಲ್ಲಿ ಅಲ್ಯೂಮಿನಿಯಂ ಅಳೆದು ಪ್ರಕಟಿಸಿದರು. ಮೂತ್ರಪಿಂಡದ ಕಾಯಿಲೆಯಿಲ್ಲದೆ ಸತ್ತವರಲ್ಲಿ ಸರಾಸರಿ ದಶಲಕ್ಷಕ್ಕೆ 2.2 ಪಾಲು, ಡಯಾಲಿಸಿಸ್‌ನಲ್ಲಿದ್ದು ಬೇರೆ ಕಾರಣಕ್ಕೆ ಸತ್ತವರಲ್ಲಿ 6.5, ಈ ತೊದಲಿನ ರೋಗದಿಂದ ಸತ್ತವರಲ್ಲಿ 25.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಅದೇ ಲೋಹ ಮೂಳೆಗೆ ಇಳಿದಿತ್ತು. ಅಲ್ಲಿನ ರೋಗಿಗಳ ಪಕ್ಕೆಲುಬು, ಸೊಂಟದ ಮೂಳೆ ಸುಲಭವಾಗಿ ಮುರಿಯುತ್ತಿದ್ದವು. ವಿಟಮಿನ್ ಡಿ ಕೊಟ್ಟರೂ ಗುಣವಿಲ್ಲ. ಬೇರೆ ಊರುಗಳಲ್ಲಿ ಅಪರೂಪವಾಗಿದ್ದ ಕಾಯಿಲೆ ಇಲ್ಲೇಕೆ ಇಷ್ಟು? ಡೇವಿಡ್ ಕೆರ್ ಅವರ ತಂಡ ಮನೆಮನೆಯ ನೀರನ್ನು ನೋಡಿತು, ಯಾರ ಮನೆಯಲ್ಲಿ ಖನಿಜ ತೆಗೆದ ನೀರು ಬಳಸುತ್ತಿದ್ದರು, ಯಾರ ಮನೆಯಲ್ಲಿ ಬರೀ ಗಡಸುತನ ತೆಗೆದ ನೀರು ಎಂದು ಹೋಲಿಸಿತು. 1978ರಲ್ಲಿ ಅವರು ಕೈತೋರಿದ್ದು ಅಲ್ಯೂಮಿನಿಯಂ ಕಡೆಗೆ. ಅದು ಬರುತ್ತಿದ್ದದ್ದು ಊರಿನ ನೀರು ತಿಳಿಯಾಗಲು ಹಾಕುತ್ತಿದ್ದ ಅಲ್ಯೂಮಿನಿಯಂ ಸಲ್ಫೇಟಿನಿಂದ, ಅಂದರೆ ನಮ್ಮ ನಗರಗಳ ನೀರಿನ ಘಟಕಗಳಲ್ಲೂ ಹಾಕುವ ಆಲಂನಿಂದಲೇ. ಮುಂದಿನ ವರ್ಷ ಬ್ರಿಟನ್ನಿನ 18 ಕೇಂದ್ರಗಳ ಸಾವಿರಕ್ಕೂ ಹೆಚ್ಚು ರೋಗಿಗಳ ಸಮೀಕ್ಷೆ ಪ್ರಕಟವಾಯಿತು. ನೀರಿನಲ್ಲಿ ಅಲ್ಯೂಮಿನಿಯಂ ಹೆಚ್ಚಿದ್ದ ಕಡೆಯೇ ಮೂಳೆ ಮುರಿತವೂ ಮಿದುಳಿನ ರೋಗವೂ ಹೆಚ್ಚಿದ್ದವು.

ನೀರಿನ ಇಲಾಖೆ ಮಾಡಿದ್ದು ತಪ್ಪಲ್ಲ. ಆ ನೀರು ಕುಡಿಯಲು ಒಳ್ಳೆಯದೇ. ಕರುಳು ನೂರಕ್ಕೆ ಒಂದು ಪಾಲು ಅಲ್ಯೂಮಿನಿಯಮನ್ನೂ ಒಳಗೆ ಬಿಡುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂವರೆಗೆ ನಡೆಯುತ್ತದೆ. ಡಯಾಲಿಸಿಸ್ ನೀರಿಗೆ ಆಮೇಲೆ ಗೊತ್ತುಮಾಡಿದ ಮಿತಿ 0.01, ಇಪ್ಪತ್ತರಲ್ಲಿ ಒಂದು ಪಾಲು. ನಮ್ಮ ರೋಗಿಗಳು ಈ ವಿಷಯ ಕಿವಿಗೆ ಬಿದ್ದಾಗ, "ಹಂಗಾದ್ರೆ ಅಲ್ಯೂಮಿನಿಯಂ ಪಾತ್ರೇಲಿ ಅನ್ನ ಮಾಡ್ಬಾರ್ದಾ?" ಎಂದು ಕೇಳುತ್ತಾರೆ. ಪಾತ್ರೆಯಿಂದ ಬರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಆ ಕಾಲದ ಔಷಧದಿಂದಲೇ ಬರುತ್ತಿತ್ತು: ರಕ್ತದ ರಂಜಕ ಇಳಿಸಲು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಅನ್ನು ಊಟದ ಜೊತೆ ವರ್ಷಗಟ್ಟಲೆ ನುಂಗಿಸುತ್ತಿದ್ದರು. ಈಗ ಆ ಜಾಗಕ್ಕೆ ಬೇರೆ ಮಾತ್ರೆಗಳು ಬಂದಿವೆ.

ಈ ಕಥೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವುದು ನೆದರ್ಲೆಂಡ್ಸ್‌ನ ಐಂಡ್‌ಹೋವನ್ ಪ್ರಕರಣ, ಏಕೆಂದರೆ ಅಲ್ಲಿ ತಪ್ಪು ನದಿಯ ನೀರಿನಲ್ಲಿರಲಿಲ್ಲ, ಆಸ್ಪತ್ರೆಯೊಳಗಿನ ಬಾಯ್ಲರಿನಲ್ಲಿತ್ತು. ಬಾಯ್ಲರಿಗೆ ತುಕ್ಕು ಹಿಡಿಯದಿರಲೆಂದು ಅಲ್ಯೂಮಿನಿಯಂ ಆನೋಡುಗಳನ್ನು ಇಟ್ಟಿದ್ದರು. ತಾನು ಕರಗಿ ಬಾಯ್ಲರನ್ನು ಉಳಿಸುವುದೇ ಆನೋಡಿನ ಕೆಲಸ. ಅದು ತನ್ನ ಕೆಲಸ ಮಾಡಿತು, ಕರಗಿದ್ದು ರೋಗಿಗಳ ಮಿದುಳು ಸೇರಿತು. 1976ರಲ್ಲಿ ಫ್ಲೆಂಡ್ರಿಗ್ ಎಂಬ ವೈದ್ಯರು ಮತ್ತು ಜೊತೆಗಾರರು ಇದನ್ನು ಪತ್ತೆಹಚ್ಚಿ ಬರೆದರು. ಇಷ್ಟೆಲ್ಲ ಗೊತ್ತಾಗಿ ಇಪ್ಪತ್ತು ವರ್ಷದ ಮೇಲೆ, 1996ರಲ್ಲಿ, ಕೆರಿಬಿಯನ್ ದ್ವೀಪ ಕುರಾಸಾವ್‌ನಲ್ಲಿ ಒಂದು ಡಯಾಲಿಸಿಸ್ ಕೇಂದ್ರಕ್ಕೆ ನೀರು ತರುವ ಪೈಪು ಬದಲಾಯಿಸಿದರು. ಹೊಸ ಪೈಪಿನ ಒಳಮೈಗೆ ಸಿಮೆಂಟ್ ಲೇಪವಿತ್ತು. ಉಪ್ಪುನೀರನ್ನು ಬಟ್ಟಿಯಿಳಿಸಿ ತೆಗೆದ ಅಲ್ಲಿನ ಮೆದುನೀರು ಆ ಸಿಮೆಂಟಿನಿಂದ ಅಲ್ಯೂಮಿನಿಯಮನ್ನು ಹೀರಿಕೊಂಡು ಬಂತು. ಹತ್ತು ಜನ ಸತ್ತರು. ಒಂದು ಪೈಪು ಬದಲಾಯಿಸಿದ್ದಕ್ಕೆ.

ತಾಮ್ರ ಮತ್ತು ಸತುವಿನದೂ ಇದೇ ಬಗೆ. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಯಂತ್ರದ ತಾಮ್ರದ ಕೊಳವೆಗಳಿಂದ ತಾಮ್ರ ಕರಗಿ ರೋಗಿಗಳ ಕೆಂಪು ರಕ್ತಕಣಗಳು ಒಡೆದುಹೋದವು, ಸಾವೂ ಆಯಿತು. ಆಸ್ಟ್ರೇಲಿಯಾದಿಂದ 1972ರಲ್ಲಿ ಬಂದ ವರದಿಯಲ್ಲಿ, ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುತ್ತಿದ್ದ ರೋಗಿ ಮಳೆನೀರು ಬಳಸುತ್ತಿದ್ದರು. ಮಳೆನೀರಿಗಿಂತ ಶುದ್ಧ ಯಾವುದು ಎಂದು ಯಾರಿಗಾದರೂ ಅನ್ನಿಸುತ್ತದೆ. ಅದು ನಿಂತಿದ್ದು ಸತುವಿನ ಲೇಪದ ಕಬ್ಬಿಣದ ತೊಟ್ಟಿಯಲ್ಲಿ. ವಾಂತಿ, ಜ್ವರ, ಆಮೇಲೆ ತೀವ್ರ ರಕ್ತಹೀನತೆ.

ನೀರು ಶುದ್ಧವಾದಷ್ಟೂ ಲೋಹವನ್ನು ಹೆಚ್ಚು ಹಸಿವಿನಿಂದ ಕರಗಿಸುತ್ತದೆ ಎಂಬುದು ಪ್ಲಂಬರಿಗೆ ಹೇಳಿದರೆ ನಂಬುವುದಿಲ್ಲ. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಆರ್‌ಓದಿಂದ ಯಂತ್ರಗಳಿಗೆ ಹೋಗುವ ಲೈನಿನ ಪ್ಲಾಸ್ಟಿಕ್ ವಾಲ್ವ್ ಸೋರುತ್ತಿತ್ತು. ರಿಪೇರಿಗೆ ಬಂದವನು ಹಿತ್ತಾಳೆಯದನ್ನು ತಂದು ಕೂರಿಸಿದ. "ಇದು ನಿಮ್ ಕಾಲಕ್ಕೂ ಹೋಗಲ್ಲ ಸಿಸ್ಟರ್, ಗಟ್ಟಿ ಮಾಲು" ಎಂದ, ಒಳ್ಳೆಯ ಮನಸ್ಸಿನಿಂದಲೇ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಸಿಸ್ಟರ್ ಅದನ್ನು ನಿಂತ ಮೆಟ್ಟಿನಲ್ಲಿ ಬಿಚ್ಚಿಸಿದರು. ಪ್ಲಾಸ್ಟಿಕ್ ವಾಲ್ವ್ ಸಿಗುವವರೆಗೆ ಪಾಳಿ ತಡವಾಯಿತು, ಅರಕಲಗೂಡಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದವರು ಕಾದು ಕೂತರು, ಬೈಗುಳವೂ ಬಿತ್ತು. ಸಿಸ್ಟರ್ ಯಾರಿಗೂ ವಿವರಣೆ ಕೊಡಲಿಲ್ಲ. ಸಂಜೆ ನಮ್ಮನ್ನು ಕೂರಿಸಿಕೊಂಡು ಆ ಮಳೆನೀರಿನ ರೋಗಿಯ ಕಥೆ ಹೇಳಿದರು. ಈ ಚರಿತ್ರೆಯನ್ನು ಹುಡುಕಿ ಓದುವ ಚಟ ನನಗೆ ಹತ್ತಿದ್ದು ಅಂದಿನಿಂದ.

ನೀರಿನ ಮಾತಾಯಿತು. ಪೊರೆಯ ಕಥೆ ಇನ್ನೂ ಸೂಕ್ಷ್ಮ, ಏಕೆಂದರೆ ಇಲ್ಲಿ ಏನೂ ಕರಗಿ ಬರಬೇಕಿಲ್ಲ, ತಾಗಿದರೆ ಸಾಕು. ಸೆಲೋಫೇನಿನ ನಂತರ ಬಂದ ಕ್ಯುಪ್ರೋಫಾನ್ ಎಂಬ ಪೊರೆ ಜರ್ಮನಿಯ ವುಪರ್ಟಾಲ್‌ನದು, ಹತ್ತಿಯ ನಾರನ್ನು ತಾಮ್ರ ಮತ್ತು ಅಮೋನಿಯಾ ದ್ರಾವಣದಲ್ಲಿ ಕರಗಿಸಿ ಕೃತಕ ರೇಷ್ಮೆ ತೆಗೆಯುವ ಕಸುಬಿನಿಂದ ಹುಟ್ಟಿದ್ದು. ಅಗ್ಗ, ಗಟ್ಟಿ, ದಶಕಗಳ ಕಾಲ ಜಗತ್ತಿನ ಬಹುಪಾಲು ರೋಗಿಗಳು ಅದರಲ್ಲೇ ಬದುಕಿದರು. 1968ರಲ್ಲಿ ಕ್ಯಾಪ್ಲೋ ಮತ್ತು ಗಾಫಿನೆಟ್ ಒಂದು ವಿಚಿತ್ರವನ್ನು ಗಮನಿಸಿದರು. ಡಯಾಲಿಸಿಸ್ ಶುರುವಾದ ಮೊದಲ ಕೆಲವು ನಿಮಿಷಗಳಲ್ಲಿ ರಕ್ತದ ಬಿಳಿಕಣಗಳು ದಿಢೀರನೆ ಕಡಿಮೆಯಾಗುತ್ತವೆ, ಗಂಟೆಯೊಳಗೆ ವಾಪಸ್ ಬರುತ್ತವೆ. ಎಲ್ಲಿಗೆ ಹೋಗಿದ್ದವು? ಮಿನಿಯಾಪೊಲಿಸ್‌ನ ಕ್ರಾಡಾಕ್ ಮತ್ತು ಜೇಕಬ್ ತಂಡ 1977ರಲ್ಲಿ ಉತ್ತರ ಕೊಟ್ಟಿತು: ಪೊರೆಯನ್ನು ದೇಹ ಪರಕೀಯವೆಂದು ಗುರುತಿಸಿ ರಕ್ಷಣಾ ಪ್ರೋಟೀನುಗಳನ್ನು ಎಬ್ಬಿಸುತ್ತದೆ, ಬಿಳಿಕಣಗಳು ಅಂಟಂಟಾಗಿ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. "ಮಷೀನ್ ಹಾಕಿದ ಕೂಡಲೇ ಎದೆ ಬಿಗಿಯುತ್ತೆ, ಬೆನ್ನು ನೋಯುತ್ತೆ" ಎಂದು ರೋಗಿಗಳು ವರ್ಷಗಳಿಂದ ಹೇಳುತ್ತಿದ್ದ ಮಾತಿಗೆ ಹೀಗೊಂದು ಕಾರಣ ಸಿಕ್ಕಿತು. ಹೆದರಿಕೆಗೆ ಹಾಗಾಗುತ್ತದೆ ಎಂದು ಅವರನ್ನು ಎಷ್ಟು ಕಡೆ ಸುಮ್ಮನಾಗಿಸಿದ್ದರೋ.

ಆ ಪೊರೆಯ ಇನ್ನೊಂದು ಕೊರತೆ ಹೊರಬರಲು ಹತ್ತು ವರ್ಷ ಹಿಡಿಯುತ್ತಿತ್ತು. ಬಹುಕಾಲದ ರೋಗಿಗಳ ಮಣಿಕಟ್ಟಿನಲ್ಲಿ ನರ ಒತ್ತಿ ಬೆರಳು ಜೋಮು ಹಿಡಿಯುವುದನ್ನು 1970ರ ದಶಕದಲ್ಲೇ ಗಮನಿಸಿದ್ದರು. ಅಲ್ಲಿ ಕೂಡಿಕೊಂಡದ್ದು ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಎಂಬ ಪ್ರೋಟೀನ್ ಎಂದು 1985ರಲ್ಲಿ ಜಪಾನಿನ ಗೆಜ್ಯೋ ಮತ್ತು ಸಂಗಡಿಗರು ತೋರಿಸಿದರು. ಕ್ಯುಪ್ರೋಫಾನಿನ ರಂಧ್ರಗಳಲ್ಲಿ ಅದು ಹೊರಗೆ ಹೋಗುತ್ತಿರಲಿಲ್ಲ, ಕೀಲುಗಳಲ್ಲಿ ಗಡ್ಡೆಗಟ್ಟುತ್ತಿತ್ತು. ಚನ್ನರಾಯಪಟ್ಟಣದ ಕಡೆಯಿಂದ ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ನಮ್ಮಲ್ಲಿದ್ದರು, ಹಳೆಯ ಕಾಲದ ಡಯಾಲಿಸಿಸ್ ಮಾಡಿಸಿಕೊಂಡು ಬಹಳ ವರ್ಷ ಬದುಕಿದವರು. ಅಂಗಿಯ ಗುಂಡಿ ಹಾಕಿಕೊಳ್ಳಲು ಅವರಿಗೆ ಆಗುತ್ತಿರಲಿಲ್ಲ. "ಬೋರ್ಡ್ ಮೇಲೆ ಎಷ್ಟು ಚೆನ್ನಾಗಿ ಬರೀತಿದ್ದೆ ಗೊತ್ತೇನಪ್ಪ" ಎಂದು ಬೆರಳು ಮಡಿಸಲು ನೋಡುತ್ತಿದ್ದರು. ಜೀವ ಉಳಿಸಿದ ಪೊರೆಯೇ ಆ ಬೆರಳುಗಳನ್ನು ಕಟ್ಟಿಹಾಕಿತ್ತು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ಅವರಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ಆಮೇಲೆ ಕೃತಕ ಪೊರೆಗಳು ಬಂದವು, ದೊಡ್ಡ ರಂಧ್ರದವು, ದೇಹ ಅಷ್ಟಾಗಿ ಕೆರಳದಂಥವು. ಅವೂ ನಿರಪರಾಧಿಗಳಲ್ಲ. ಎಎನ್69 ಎಂಬ ಪೊರೆಯ ಮೇಲ್ಮೈಯಲ್ಲಿ ಋಣ ವಿದ್ಯುದಾವೇಶವಿತ್ತು, ಅದರ ಸಂಪರ್ಕಕ್ಕೆ ಬ್ರಾಡಿಕೈನಿನ್ ಎಂಬ ವಸ್ತು ರಕ್ತದಲ್ಲಿ ಹುಟ್ಟುತ್ತಿತ್ತು. ಎಸಿಇ ಗುಂಪಿನ ಬಿಪಿ ಮಾತ್ರೆ ತಿನ್ನುವವರಲ್ಲಿ ಅದು ಬೇಗ ಕರಗದೆ ಬಿಪಿ ಕುಸಿದುಬೀಳುತ್ತಿತ್ತು. 1990ರ ವೇಳೆಗೆ ಇದು ಗೊತ್ತಾಯಿತು. ಪೊರೆ ಒಂದೇ ಆದರೆ ತೊಂದರೆಯಿಲ್ಲ, ಮಾತ್ರೆ ಒಂದೇ ಆದರೂ ಇಲ್ಲ. ಪಂಪಿನ ಉರುಳೆ ತಿಕ್ಕಿ ತಿಕ್ಕಿ ಸಿಲಿಕೋನ್ ನಳಿಕೆಯಿಂದ ಉದುರಿದ ಕಣಗಳು ರೋಗಿಗಳ ಯಕೃತ್ತಿನಲ್ಲಿ ಸಿಕ್ಕಿದ್ದು 1980ರ ದಶಕದ ಆರಂಭದಲ್ಲಿ. ಅದೇ ಕಾಲದಲ್ಲಿ, ಡಯಾಲೈಜರಿನ ಸೋಂಕು ತೆಗೆಯಲು ಬಳಸುತ್ತಿದ್ದ ಎಥಿಲೀನ್ ಆಕ್ಸೈಡ್ ಅನಿಲ, ಪೊರೆಯ ಟೊಳ್ಳು ನಾರುಗಳ ತುದಿ ಹಿಡಿದಿಡುವ ಪಾಲಿಯುರೆಥೇನ್ ಅಂಟಿನೊಳಗೆ ಉಳಿದುಕೊಂಡು, ಮೊದಲ ಬಳಕೆಯಲ್ಲೇ ಉಸಿರು ಕಟ್ಟಿಸುವ ಅಲರ್ಜಿ ತರುತ್ತಿದೆ ಎಂದು ತಿಳಿಯಿತು. ಒಂದು ಲೀಟರ್ ಸಲೈನ್ ಹಾಯಿಸಿ ಚೆಲ್ಲು ಎಂದು ಹುಡುಗರ ತಲೆ ತಿನ್ನುವುದು ಇದಕ್ಕೆ. ಈಗ ಬಹಳಷ್ಟು ಡಯಾಲೈಜರುಗಳನ್ನು ಹಬೆ ಅಥವಾ ವಿಕಿರಣದಿಂದ ಶುದ್ಧಿ ಮಾಡುತ್ತಾರೆ. ಆದರೂ ತೊಳೆಯಬೇಕು.

ಹಳೆಯ ದಾಸ್ತಾನಿನ ಬಗ್ಗೆ ನಾನು ಕಟ್ಟುನಿಟ್ಟಾಗಿರುವುದಕ್ಕೂ ಕಾರಣವಿದೆ. 1996ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಲಬಾಮಾದ ಒಂದು ಆಸ್ಪತ್ರೆಯಲ್ಲಿ ಏಳು ರೋಗಿಗಳಿಗೆ ಡಯಾಲಿಸಿಸ್ ಆದ ಒಂದು ದಿನದೊಳಗೆ ಕಣ್ಣು ಮಂಜಾಯಿತು, ಕಿವಿ ಮಂದವಾಯಿತು. ಬಳಸಿದ ಡಯಾಲೈಜರುಗಳಿಗೆ ಹನ್ನೊಂದು ವರ್ಷ ದಾಟಿತ್ತು. ಪೆಟ್ಟಿಗೆಯೊಳಗೆ ಕೂತಲ್ಲೇ ಸೆಲ್ಯುಲೋಸ್ ಅಸಿಟೇಟ್ ಪೊರೆ ಶಿಥಿಲವಾಗಿ, ಒಡೆದ ಚೂರುಗಳು ರಕ್ತಕ್ಕೆ ಹೋಗಿದ್ದವು.

2001 ನನಗೆ ಮರೆಯಲಾಗದ ವರ್ಷ, ನಾನು ಅಲ್ಲಿರಲಿಲ್ಲವಾದರೂ. ಆಗಸ್ಟಿನಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ, ಆಮೇಲೆ ಮ್ಯಾಡ್ರಿಡ್‌ನಲ್ಲಿ, ಡಯಾಲಿಸಿಸ್ ಮುಗಿಸಿದ ರೋಗಿಗಳು ಗಂಟೆಗಳೊಳಗೆ ಸತ್ತರು. ವಯಸ್ಸಾದವರು, ಹೃದಯ ದುರ್ಬಲ ಎಂದು ತಳ್ಳಿಹಾಕಬಹುದಾಗಿದ್ದ ಸಾವುಗಳು. ಅಕ್ಟೋಬರಿನಲ್ಲಿ ಕ್ರೊಯೇಷಿಯಾದಲ್ಲಿ ಕೆಲವೇ ದಿನಗಳಲ್ಲಿ 23 ಜನ ಸತ್ತರು. ಎಲ್ಲ ಕಡೆ ಇದ್ದದ್ದು ಬ್ಯಾಕ್ಸ್‌ಟರ್ ಕಂಪನಿಯ ಆಲ್ಥೇನ್ ಡಯಾಲೈಜರ್, ತಯಾರಾದದ್ದು ಸ್ವೀಡನ್ನಿನ ರೊನೆಬಿ ಕಾರ್ಖಾನೆಯಲ್ಲಿ. ಮೊದಲ ಪರೀಕ್ಷೆಗಳಲ್ಲಿ ದೋಷ ಕಾಣಲಿಲ್ಲ. ಕಡೆಗೆ ಸಿಕ್ಕಿದ್ದು ಇಷ್ಟು: ನಾರುಗಳಲ್ಲಿ ಸೋರಿಕೆಯಿದ್ದರೆ ಹುಡುಕಿ ಸರಿಪಡಿಸಲು ಕಾರ್ಖಾನೆಯಲ್ಲಿ ಪರ್ಫ್ಲೂರೋಕಾರ್ಬನ್ ಜಾತಿಯ ಒಂದು ದ್ರವ ತುಂಬುತ್ತಿದ್ದರು, ಕೆಲವು ಡಯಾಲೈಜರುಗಳಲ್ಲಿ ಅದು ಪೂರ್ತಿ ಹೊರಬಂದಿರಲಿಲ್ಲ. ಅದು ವಿಷವೆಂದು ಯಾರೂ ಎಣಿಸಿರಲಿಲ್ಲ, ಯಾವುದರೊಂದಿಗೂ ವರ್ತಿಸದ ಸಾಧು ದ್ರವ. ಆದರೆ ಮೈಯೊಳಗಿನ ಬೆಚ್ಚನೆಯಲ್ಲಿ ಅದು ಅನಿಲವಾಗಿ, ಗುಳ್ಳೆಗಳು ಶ್ವಾಸಕೋಶದ ನಾಳಗಳನ್ನು ಮುಚ್ಚಿದವು. ಹಲವು ದೇಶಗಳಲ್ಲಿ 50ಕ್ಕೂ ಹೆಚ್ಚು ಸಾವುಗಳನ್ನು ಇದಕ್ಕೆ ಜೋಡಿಸಲಾಯಿತು. ಕಂಪನಿ ಹೊಣೆ ಒಪ್ಪಿಕೊಂಡಿತು, ಆ ಡಯಾಲೈಜರನ್ನು ನಿಲ್ಲಿಸಿತು, ಪರಿಹಾರ ಕೊಟ್ಟಿತು. ಇಷ್ಟು ನೇರವಾಗಿ ಒಪ್ಪಿಕೊಂಡದ್ದು ದೊಡ್ಡದೇ. ವೆಲೆನ್ಸಿಯಾದ ಸಾವುಗಳ ನಂತರ ಕ್ರೊಯೇಷಿಯಾದವರೆಗೆ ಎರಡು ತಿಂಗಳು ಉರುಳಿತ್ತೆಂಬುದು ಮಾತ್ರ ನನ್ನನ್ನು ಬಿಡುವುದಿಲ್ಲ.

ಈ ಪಟ್ಟಿ ಮುಗಿದುಹೋದದ್ದೂ ಅಲ್ಲ. 2022ರಲ್ಲಿ ಅಮೆರಿಕದ ಎಫ್‌ಡಿಎ ಕೆಲವು ಡಯಾಲಿಸಿಸ್ ಯಂತ್ರಗಳೊಳಗಿನ ಸಿಲಿಕೋನ್ ನಳಿಕೆಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಸಿಲಿಕೋನನ್ನು ಹದಗೊಳಿಸಲು ಬಳಸಿದ ಕ್ಲೋರಿನ್‌ಯುಕ್ತ ಪೆರಾಕ್ಸೈಡಿನಿಂದಾಗಿ ಪಿಸಿಬಿ ಗುಂಪಿನ ಸಂಯುಕ್ತಗಳು ದ್ರವಕ್ಕೆ ಇಳಿಯಬಹುದೆಂಬ ಆತಂಕ. ಪಿವಿಸಿ ನಳಿಕೆಗಳನ್ನು ಮೆತ್ತಗಿಡುವ ಡಿಇಎಚ್‌ಪಿ ರಕ್ತಕ್ಕೆ ಇಳಿಯುತ್ತದೆ ಎಂಬುದು 1970ರ ಸುಮಾರಿನಿಂದಲೇ ಗೊತ್ತಿರುವ ವಿಷಯ. ಅದಿಲ್ಲದ ನಳಿಕೆಗಳೂ ಬಂದಿವೆ. ಎಲ್ಲರ ಕೈಗೆ ಇನ್ನೂ ಎಟುಕಿಲ್ಲ.

ಇವುಗಳಲ್ಲಿ ಹೆಚ್ಚಿನವು ಮೊದಲು ಬಂದದ್ದು ರೋಗಿಯ ಬಾಯಿಂದ: ತೊದಲಾಗಿ, ಬೆನ್ನುನೋವಾಗಿ, ಜೋಮು ಹಿಡಿದ ಬೆರಳಾಗಿ. ಕಾರಣ ಸಿಕ್ಕಿದ್ದು ಯಾರೋ ಒಬ್ಬರು ಆ ಮಾತನ್ನು ನಂಬಿ, ಇನ್ನೂ ಯಾರಿಗೆ ಹೀಗಾಗಿದೆ, ಅವರಿಗೆಲ್ಲ ತಾಗಿದ್ದು ಏನು ಎಂದು ಎಣಿಸಿದಾಗ. ಅದಕ್ಕೆ ಏನು ತಾಗಿತ್ತೆಂಬುದು ಬರೆದಿಟ್ಟಿರಬೇಕು. ನಮ್ಮ ಎಷ್ಟೋ ಕೇಂದ್ರಗಳಲ್ಲಿ ಡಯಾಲೈಜರಿನ ಪೊಟ್ಟಣ ಹರಿದ ಕೂಡಲೇ ಅದರ ಮೇಲಿನ ಲಾಟ್ ನಂಬರ್ ಕಸದ ಬುಟ್ಟಿ ಸೇರುತ್ತದೆ. 2015ರಿಂದ ನಮ್ಮ ದೇಶದಲ್ಲಿ ವೈದ್ಯಕೀಯ ಉಪಕರಣಗಳಿಂದಾದ ತೊಂದರೆ ವರದಿ ಮಾಡಲು ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮವಿದೆ, ಘಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ. ವೈದ್ಯರೇ ಬರೆಯಬೇಕೆಂದಿಲ್ಲ, ನರ್ಸ್ ಬರೆಯಬಹುದು, ಟೆಕ್ನಿಷಿಯನ್ ಬರೆಯಬಹುದು. ಆ ಅರ್ಜಿಯಲ್ಲಿ ಲಾಟ್ ನಂಬರಿಗೆ ಒಂದು ಜಾಗವಿದೆ. ಹಾಗಾಗಿ ನಮ್ಮಲ್ಲಿ ಪೊಟ್ಟಣದ ಸ್ಟಿಕ್ಕರ್ ಕಿತ್ತು ರೋಗಿಯ ಕೇಸ್ ಶೀಟಿಗೆ ಅಂಟಿಸುತ್ತೇವೆ, ಮರುಬಳಕೆಯದಾದರೆ ಎಷ್ಟನೆಯ ಬಳಕೆ ಎಂದು ಪಕ್ಕದಲ್ಲಿ ಬರೆಯುತ್ತೇವೆ, ರೋಗಿ ಏನಾದರೂ ಹೇಳಿದರೆ ಅವರದೇ ಮಾತಿನಲ್ಲಿ ಕೆಳಗೆ ಬರೆಯುತ್ತೇವೆ. ತಾಲ್ಲೂಕು ಆಸ್ಪತ್ರೆಗಳ ಡಯಾಲಿಸಿಸ್ ಕೇಂದ್ರಗಳಲ್ಲೂ ಇದು ಕಡ್ಡಾಯವಾಗಬೇಕು. ಅದಕ್ಕೆ ಬೇಕಾದದ್ದು ಒಂದು ಪುಟ ಮತ್ತು ಅರ್ಧ ನಿಮಿಷ.